ಪಕ್ಕದ ಮನೆಯ ಬಾಳೆಕಂಬ

ಆ ಶುಕ್ರವಾರ ಮಧ್ಯಾಹ್ನ ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಮನೆ ಬಾಗಿಲ ಮುಂದೆ ನಾಲ್ಕು ಜನ ಹೆಂಗಸರು ನಿಂತಿದ್ದೆವು. ನಾನು, ಮಾರನೆಯ ದಿನ ಹಸೆಮಣೆ ಏರಬೇಕಿದ್ದ ನನ್ನ ಮಗಳು, ಅವಳ ಮದುವೆಗೆಂದೇ ಮೈಸೂರಿನಿಂದ ಬಂದಿದ್ದ ನನ್ನ ಸೋದರತ್ತೆ, ಅಂದರೆ ನಮ್ಮ ತಂದೆಯ ಅಕ್ಕ, ಮತ್ತೆ ಪಕ್ಕದ ಮನೆಯ ಇಂಗ್ಲಿಷ್ ಹೆಂಗಸು. ಆಕೆ ಆಗತಾನೆ ಟ್ಯಾಕ್ಸಿಯಿಂದ ಇಳಿದಿದ್ದರು, ಕೈಯಲ್ಲಿನ ಸೂಟ್‌ಕೇಸು ಇನ್ನೂ ಕೆಳಗಿಟ್ಟಿರಲಿಲ್ಲ. ಬಾಗಿಲ ಎಡಕ್ಕೊಂದು ಬಲಕ್ಕೊಂದು ಬಾಳೆಕಂಬ, ಮೇಲೆ ತೋರಣ, ಕೆಳಗೆ ರಂಗೋಲಿ. ಮದುವೆ ಮನೆಯ ಕಳೆ ಎಲ್ಲವೂ ಇತ್ತು.

"ಇವು ನನ್ನ ಹಿತ್ತಲಿನವು," ಅಂದರು ಆಕೆ. ಕೂಗಲಿಲ್ಲ, ಬೈಯಲಿಲ್ಲ. ಬಲಗಡೆಯ ಕಂಬದ ನಡುವಿಗೆ ಸುತ್ತಿದ್ದ ಹಸಿರು ದಾರವನ್ನು ಬೆರಳಲ್ಲಿ ಮುಟ್ಟಿ ನೋಡಿದರು, ಅಷ್ಟೆ. ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಆಗಿಹೋಯಿತು.

ನಗುತ್ತಿದ್ದವರು ನಮ್ಮತ್ತೆ ಒಬ್ಬರೇ. "ಏನಂತೆ ದೊರೆಸಾನಿ? ಚೆನ್ನಾಗಿ ಕಾಣ್ತಿದೆ ಅಂತಾರಾ?" ಅಂತ ನನ್ನನ್ನು ಕೇಳಿದರು.

ಆ ಬಾಳೆಯ ವಿಷಯ ಮೊದಲು ಹೇಳಬೇಕು. ಲಂಡನ್ನಿನ ಚಳಿಯಲ್ಲಿ ಬಾಳೆಯೇ ಅಂತ ನೀವು ಕೇಳಬಹುದು. ಇದು ತೊಂಬತ್ತರ ದಶಕದ ಕೊನೆಯ ಮಾತು, ನಾನೂ ಮೊದಲ ಸಲ ಬೇಲಿಯಾಚೆ ಅದನ್ನು ಕಂಡಾಗ ಹಾಗೇ ಬಾಯಿಬಿಟ್ಟುಕೊಂಡು ನಿಂತಿದ್ದೆ. ಚಳಿ ತಡೆಯುವ ಒಂದು ಜಾತಿ ಇದೆ, ಎಲೆಯ ಅಂದಕ್ಕೆಂದು ಇಲ್ಲಿಯ ಜನ ಬೆಳೆಸುತ್ತಾರೆ. ಬೇಸಿಗೆಯಲ್ಲಿ ಹುಚ್ಚು ಹಿಡಿದ ಹಾಗೆ ಬೆಳೆಯುತ್ತದೆ. ನವೆಂಬರಿನಲ್ಲಿ ಒಂದು ರಾತ್ರಿ ಹಿಮ ಬಿತ್ತೋ, ಬೆಳಗಾಗುವಷ್ಟರಲ್ಲಿ ಎಲೆಗಳೆಲ್ಲ ಬೇಯಿಸಿದ ಸೊಪ್ಪು. ಆಮೇಲೆ ಕಂಬವೂ ಕೊಳೆತು ಬುಡಕ್ಕೆ ಬಂದು ಕೂರುತ್ತದೆ. ಮಣ್ಣಿನೊಳಗೆ ಗೆಡ್ಡೆ ಮಾತ್ರ ಉಳಿದಿದ್ದು ಮೇ ತಿಂಗಳಲ್ಲಿ ಮತ್ತೆ ಚಿಗುರುತ್ತದೆ, ಎದೆಯೆತ್ತರ ಬರುತ್ತದೆ, ಮತ್ತೆ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ನಮ್ಮ ಬೀದಿಯಲ್ಲೇ ಇನ್ನೊಬ್ಬರ ಮನೆಯಲ್ಲಿ ಅಂಥದೊಂದಿತ್ತು, ಪಾಪ, ವರ್ಷ ವರ್ಷವೂ ಅದೇ ಗೋಳು.

ಪಕ್ಕದ ಮನೆಯದು ಹಾಗಲ್ಲ. ಆಕೆಯ ಗಂಡ ಬಸ್ ಓಡಿಸುತ್ತಿದ್ದವರು, ನಿವೃತ್ತರಾದ ಮೇಲೆ ಪೂರಾ ಹೊತ್ತು ಹಿತ್ತಲಲ್ಲೇ. ಚಳಿ ಶುರುವಾಗುವ ಮೊದಲು ಏಣಿ ಹಾಕಿ, ಎರಡು ಬಾಳೆಗೂ ಒಣಹುಲ್ಲು ಸುತ್ತಿ, ಅದರ ಮೇಲೆ ಗೋಣಿ, ಗೋಣಿಯ ಮೇಲೆ ಮನೆಯಲ್ಲಿದ್ದ ಹಳೆಯ ಹೊದಿಕೆ, ಎಲ್ಲದರ ಮೇಲೆ ಹಸಿರು ದಾರ ಬಿಗಿದು ಕಟ್ಟುತ್ತಿದ್ದರು. ಬೇಸಿಗೆಗೆ ಹೊದಿಕೆ ಬಿಚ್ಚಿದ ಮೇಲೂ ದಾರದ ಒಂದು ಸುತ್ತು ಕಂಬದ ಮೇಲೆ ಉಳಿದಿರುತ್ತಿತ್ತು. ಮಕ್ಕಳಿಗೆ ಕುಲಾವಿ ಹಾಕಿ ಶಾಲು ಹೊದಿಸುತ್ತೇವಲ್ಲ, ಅಷ್ಟು ಜೋಪಾನ. ಹಾಗಾಗಿ ಕಂಬ ಸಾಯುತ್ತಿರಲಿಲ್ಲ. ಮುಂದಿನ ಬೇಸಿಗೆಗೆ ನಿಂತಲ್ಲಿಂದಲೇ ಮುಂದಕ್ಕೆ ಬೆಳೆಯುತ್ತಿತ್ತು. ವರ್ಷಗಳ ಮೇಲೆ ವರ್ಷ ಕಳೆದು ಅವು ನಮ್ಮ ಬಾಗಿಲ ಚೌಕಟ್ಟನ್ನು ಮೀರಿದ್ದವು.

"ಯಾಕಿಷ್ಟು ಒದ್ದಾಡ್ತೀರಿ?" ಅಂತ ಒಮ್ಮೆ ಬೇಲಿಯ ಮೇಲಿಂದ ಕೇಳಿದ್ದೆ.

"ಹೂ ನೋಡಬೇಕು," ಅಂದಿದ್ದರು. "ಪ್ರತಿ ವರ್ಷ ಬುಡದಿಂದ ಶುರು ಮಾಡುತ್ತಿದ್ದರೆ ಇದಕ್ಕೆ ಹೂವಿಗೆ ಪುರಸೊತ್ತೇ ಸಿಗೋದಿಲ್ಲ. ಇದನ್ನು ಸಾಯದ ಹಾಗೆ ನೋಡಿಕೊಂಡರೆ ಒಂದಲ್ಲ ಒಂದು ವರ್ಷ ಬಿಡುತ್ತೆ."

ಹೂ ನೋಡದೆಯೇ ಅವರು ತೀರಿಕೊಂಡರು. ಮುಂದಿನ ಚಳಿಗಾಲಕ್ಕೆ ಆಕೆಯೇ ಏಣಿ ಹತ್ತಿ ಹುಲ್ಲು ಸುತ್ತಿದರು. ಕೆಳಗೆ ಏಣಿ ಹಿಡಿದುಕೊಂಡಿದ್ದವಳು ನಾನು. ಇಳಿದು ಬಂದು, ಕೈ ಒರೆಸಿಕೊಳ್ಳುತ್ತಾ, "ಅವರಿಗೆ ಸಿಗಲಿಲ್ಲ, ನಾನಾದರೂ ನೋಡಬೇಕು," ಅಂದಿದ್ದರು. ಆಕೆಗೆ ಉಳಿದಿದ್ದದ್ದು ಅದೊಂದೇ ಆಸೆ ಅಂತ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ನಮ್ಮತ್ತೆಗೆ ಮಾತ್ರ ಇದು ಗೊತ್ತಿರಲಿಲ್ಲ. ಬಂದು ಹೆಚ್ಚು ದಿನ ಆಗಿರಲಿಲ್ಲ. ಬಂದ ವಾರದಲ್ಲೇ ಪಕ್ಕದ ಮನೆಯಾಕೆ ಒಂದು ಎಲೆ ಕುಯ್ದು ಬೇಲಿಯ ಮೇಲಿಂದ ಚಾಚಿದ್ದರು, ಅತ್ತೆ ಅದರಲ್ಲಿ ಊಟ ಮಾಡಿ, "ಎಲೆ ತೀರಾ ತೆಳು ಕಣೇ, ಸಾರು ನಿಲ್ಲಲ್ಲ. ಆದರೂ ಪುಣ್ಯಾತ್ಮೆ," ಅಂದಿದ್ದರು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಬೇಲಿಯ ಬಳಿ ನಿಂತು ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು. ಇವರು ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ.

ಮದುವೆಯ ಹಿಂದಿನ ದಿನ ಬಾಗಿಲಿಗೆ ಕಟ್ಟಲೆಂದು ನಾನು ನಮ್ಮ ಕಡೆಯ ಸಾಮಾನು ಸಿಗುವ ಸೌತ್‌ಹಾಲ್‌ನಿಂದ ಪ್ಲಾಸ್ಟಿಕ್ಕಿನ ಬಾಳೆಕಂಬ ಎರಡು ತಂದಿಟ್ಟಿದ್ದೆ. ಇಲ್ಲಿ ಎಲ್ಲರೂ ಅದನ್ನೇ ಕಟ್ಟುವುದು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದೇನೇ ಇದು, ನಾಟಕದ ಕಂಪನಿ ಸಾಮಾನಿನ ಹಾಗೆ! ನಿನ್ನ ಮಗಳಿಗೆ ಮದುವೆ ಮಾಡ್ತಿದ್ದೀಯೋ, ಗೊಂಬೆಗೋ?"

"ಇಲ್ಲಿ ಇಷ್ಟೇ ಅತ್ತೆ ಸಿಗೋದು."

"ಅಲ್ಲಿ ಎರಡು ನಿಂತಿದೆಯಲ್ಲೇ, ಕಣ್ಣ ಮುಂದೆ!"

"ಅದು ಅವರದ್ದು. ಅದನ್ನ ಮುಟ್ಟೋ ಹಾಗಿಲ್ಲ," ಅಂದೆ, ಹೂವು ತರಲು ಹೊತ್ತಾಯಿತೆಂದು ಮಗಳನ್ನು ಕರೆದುಕೊಂಡು ಹೊರಟೆ. ಪಕ್ಕದ ಮನೆಯಾಕೆ ಸಮುದ್ರದ ಕಡೆ ಇರುವ ಮಗಳ ಮನೆಗೆ ಹೋಗಿದ್ದರು, ಮದುವೆಗೆ ತಪ್ಪದೆ ಬರುತ್ತೇನೆ ಅಂದಿದ್ದರು. ಟೊಮ್ಯಾಟೊ ಗಿಡಕ್ಕೆ ನೀರು ಹಾಕಿ ಅಂತ ಪಕ್ಕದ ಗೇಟನ್ನು ನಮಗಾಗಿ ಬೀಗ ಹಾಕದೆ ಬಿಟ್ಟಿದ್ದರು.

ಹೂವಿನ ಬುಟ್ಟಿ ಹಿಡಿದು ತಿರುಗಿ ಬರುವಾಗ ದೂರದಿಂದಲೇ ಬಾಗಿಲು ಕಂಡಿತು. ನಿಜ ಹೇಳುತ್ತೇನೆ, ಮೊದಲ ಕ್ಷಣ ನನಗೆ ಹಿಗ್ಗೇ ಆಯಿತು. ಎಷ್ಟು ವರ್ಷದ ಮೇಲೆ ನೋಡಿದ್ದೆ, ಹಸಿರು ಬಾಳೆ, ಎಲೆ ಬಳುಕಿಸಿಕೊಂಡು ಬಾಗಿಲ ಇಕ್ಕೆಲದಲ್ಲಿ! ಎರಡನೆಯ ಕ್ಷಣ ಅವು ಎಲ್ಲಿಯವು ಅಂತ ಹೊಳೆಯಿತು. ಅತ್ತೆ ಮೆಟ್ಟಿಲ ಮೇಲೆ ಕೂತು ನಮ್ಮ ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವನ್ನು ಸೆರಗಿಗೆ ಒರೆಸುತ್ತಿದ್ದರು.

"ಅಮ್ಮ, ಅಜ್ಜಿ ಡಿಡ್ ವಾಟ್?" ಅಂದಳು ಮಗಳು.

"ಕುರ್ಚಿ ಇಳಿಸೋಕೆ ವ್ಯಾನಿನವರು ಬಂದಿದ್ರಲ್ಲ, ಅವರಿಗೆ ಒಂದೊಂದು ಮೈಸೂರು ಪಾಕು ಕೊಟ್ಟು, ಕೈಸನ್ನೆ ಮಾಡಿ ಹೊರಿಸಿದೆ," ಅಂದರು ಅತ್ತೆ, ಗೆದ್ದವರ ಹಾಗೆ. "ಕುಯ್ದದ್ದು ನಾನೇ. ಬಾಳೆ ಕುಯ್ಯೋಕೆ ಕೊಡಲಿ ಬೇಕೇನೇ? ಬೆಣ್ಣೆ ಕುಯ್ದ ಹಾಗೆ."

"ಅತ್ತೆ, ಮುಟ್ಟಬೇಡಿ ಅಂದಿದ್ದೆನಲ್ಲ!"

"ನೀನು ಸಂಕೋಚದವಳು, ಹಾಗೇ ಅಂತೀಯ. ಮದುವೆ ಮನೆಗೆ ಬಾಳೆ ಕೊಡೊಲ್ಲ ಅಂದೋರನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ನಮ್ಮ ಬೀದೀಲಿ ಕೇಳೋಕೆ ಮುಂಚೆ ತಂದು ಒರಗಿಸಿ ಹೋಗ್ತಾರೆ. ಮದುವೆಗೆ ಬಿದ್ದ ಬಾಳೆ ಅಂದ್ರೆ ಆ ಬಾಳೆಗೇ ಪುಣ್ಯ."

ಅತ್ತೆ ಕೆಟ್ಟವರಲ್ಲ. ಅವರಿದ್ದ ಪ್ರಪಂಚದಲ್ಲಿ ಅದು ಹಾಗೆಯೇ. ಬಾಳೆ ಕಡಿಯುವುದನ್ನು ಅಲ್ಲಿ ಕಡಿಯುವುದು ಅಂತ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಇವತ್ತು ಕಡಿದರೆ ನಾಳೆ ಮತ್ತೆ ನಿಂತಿರುತ್ತದೆ. ನಾನು ಹೂವಿನ ಬುಟ್ಟಿ ಕೆಳಗಿಡುವಷ್ಟರಲ್ಲೇ ಟ್ಯಾಕ್ಸಿ ಬಂದು ನಿಂತದ್ದು, ಆಕೆ ಇಳಿದದ್ದು, ಹಸಿರು ದಾರ ಮುಟ್ಟಿ ನೋಡಿದ್ದು.

ಆಕೆ ತಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಾಕಿದ ಸದ್ದು ಕೂಡ ಮೆಲ್ಲಗೇ ಇತ್ತು, ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

ನಾನು ಅತ್ತೆಗೆ ಎಲ್ಲ ಹೇಳಿದೆ. ಗಂಡ, ಹುಲ್ಲು, ಹೊದಿಕೆ, ಏಣಿ, ಹೂವಿನ ಆಸೆ. ಅತ್ತೆ ಕೇಳುತ್ತಾ ಕೇಳುತ್ತಾ ಮೆಟ್ಟಿಲ ಮೇಲೆ ಇನ್ನಷ್ಟು ಕುಗ್ಗಿ ಕೂತರು. "ಬಾಳೆಗೆ ಹೊದಿಕೆ ಹೊದಿಸ್ತಿದ್ರಾ?" ಅಂತ ಎರಡು ಸಲ ಕೇಳಿದರು. ಅದೊಂದು ಅವರಿಗೆ ನಂಬಲಾಗಲಿಲ್ಲ.

ಮಗಳು ಅಳುತ್ತಿದ್ದಳು. "ಐ ಕಾಂಟ್ ವಾಕ್ ಪಾಸ್ಟ್ ದಟ್ ಟುಮಾರೊ, ಅಮ್ಮ. ಇಟ್ಸ್ ಸ್ಟೋಲನ್."

ಅತ್ತೆಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತಿತ್ತು. "ಕದ್ದೆ ಅಂತಾಳೇನೇ ನನ್ನ?" ಅಂದರು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, "ನಡಿ, ಅವರ ಹತ್ತಿರ ಹೋಗೋಣ. ಬಾಳೆ ಸತ್ತಿಲ್ಲ ಅಂತ ಅವರಿಗೆ ತೋರಿಸ್ತೀನಿ. ನೀನು ನಾನು ಹೇಳಿದ್ದನ್ನ ಹೇಳು, ಸಾಕು," ಅಂದರು.

ಬಾಗಿಲು ತಟ್ಟಿದೆವು. ಬಹಳ ಹೊತ್ತಿನ ಮೇಲೆ ತೆಗೆದರು. ಕಣ್ಣು ಕೆಂಪಗಿದ್ದವು. ಅತ್ತೆ ಅವರ ಕೈ ಹಿಡಿದುಕೊಂಡು, ಬಿಡಿಸಿಕೊಳ್ಳಲು ಬಿಡದೆ, ಹಿತ್ತಲಿಗೆ ಕರೆದುಕೊಂಡು ಹೋದರು.

ಎರಡು ಮೋಟು ನಿಂತಿದ್ದವು, ನೆಲದಿಂದ ಒಂದು ಗೇಣೆತ್ತರಕ್ಕೆ. ನಾನು ಅಲ್ಲಿಯವರೆಗೆ ಬಾಳೆಯನ್ನು ಮರವೆಂದೇ ತಿಳಿದಿದ್ದವಳು. ಕೊಯ್ದ ಜಾಗವನ್ನು ಕಣ್ಣಿಟ್ಟು ನೋಡಿದ್ದು ಅವತ್ತೇ. ಅದರಲ್ಲಿ ಮರ ಅನ್ನುವುದೇ ಇಲ್ಲ! ಒಂದರೊಳಗೊಂದು ಸುತ್ತಿಕೊಂಡ ಪಟ್ಟೆಗಳು, ಪಟ್ಟೆ ತುಂಬ ಜೇನುಗೂಡಿನಂಥ ಕೋಣೆಗಳು, ಕೋಣೆ ತುಂಬ ನೀರು.

"ಹೇಳು ಅವರಿಗೆ," ಅಂದರು ಅತ್ತೆ. "ಕಂಬ ಅಂತ ಕಾಣೋದು ಕಂಬ ಅಲ್ಲ. ಪ್ರತಿಯೊಂದು ಪಟ್ಟೇನೂ ಒಂದೊಂದು ಎಲೆಯ ಬುಡ. ನಿಜವಾದ ಬಾಳೆ ಮಣ್ಣೊಳಗೆ ಕೂತಿದೆ, ಗೆಡ್ಡೆ. ಅಲ್ಲಿಂದ ಸುಳಿ ಹುಟ್ಟಿ ಇಷ್ಟೂ ಪಟ್ಟೆಗಳ ಮಧ್ಯದಿಂದ ತೂರಿಕೊಂಡು ಮೇಲೆ ಬರುತ್ತೆ. ಈ ಎಡಗಡೇದು ನೋಡೋಕೆ ಹೇಳು."

ನೋಡಿದೆವು. ನಾನು ಬೆಚ್ಚಿಬಿದ್ದೆ. ಸಪಾಟಾಗಿ ಕೊಯ್ದಿದ್ದ ಮೋಟಿನ ನಟ್ಟ ನಡುವಿನಿಂದ ತಿಳಿಹಸಿರು ಸುರುಳಿಯೊಂದು ಎರಡು ಬೆರಳಿನಷ್ಟು ಮೇಲೆ ಎದ್ದು ನಿಂತಿತ್ತು. ಮಧ್ಯಾಹ್ನ ಕೊಯ್ದದ್ದು, ಇನ್ನೂ ಸಂಜೆಯ ಬಿಸಿಲು ಇಳಿದಿರಲಿಲ್ಲ. ಕತ್ತರಿಸಿದ್ದು ತನಗಲ್ಲ ಅನ್ನುವ ಹಾಗೆ ಅದು ತನ್ನ ಪಾಡಿಗೆ ತಾನು ಏರುತ್ತಿತ್ತು. ಸುರುಳಿಯ ತುದಿ ಮಾತ್ರ ಚಾಕುವಿನ ಹಲ್ಲಿಗೆ ಸಿಕ್ಕು ಚಪ್ಪಟೆಯಾಗಿತ್ತು. ಮಗಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಪಕ್ಕದ ಮನೆಯಾಕೆ ಬಗ್ಗಿ ನೋಡಿ ನೆಟ್ಟಗಾದರು. "ಮತ್ತೆ ಬರುತ್ತೆ ಅಂತ ನನಗೂ ಗೊತ್ತಮ್ಮ," ಅಂತ ನನ್ನ ಕಡೆ ತಿರುಗಿ ಹೇಳಿದರು. "ಎಲ್ಲರ ಮನೆ ಬಾಳೆಯೂ ಮತ್ತೆ ಬರುತ್ತೆ. ಬುಡದಿಂದ ಮತ್ತೆ ಬರಬೇಕಾದ ಗತಿ ಆಗದಿರಲಿ ಅಂತ ನನ್ನ ಗಂಡ ಇಷ್ಟು ವರ್ಷ ಮಾಡಿದ್ದು. ಇನ್ನು ಬುಡದಿಂದ ಶುರು. ಅಷ್ಟು ಚಳಿಗಾಲ ನನ್ನ ಹತ್ತಿರ ಉಳಿದಿಲ್ಲ."

ಇದನ್ನು ನಾನು ಕನ್ನಡಕ್ಕೆ ತಂದು ಹೇಳಿದೆ. ತೋರಿಸಲು ತಂದ ಸಮಾಧಾನ ಅತ್ತೆಯ ಕೈಯಲ್ಲೇ ಉಳಿಯಿತು.

ಅಷ್ಟರಲ್ಲಿ ಮಗಳು ಬಲಗಡೆಯ ಮೋಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು. "ಇದು ಯಾಕೆ ಬಂದಿಲ್ಲ? ಅಜ್ಜಿ, ವೈ ಈಸ್ ದಿಸ್ ಒನ್ ಡಿಫರೆಂಟ್?"

ಬಲಗಡೆಯದು ಏರಿರಲಿಲ್ಲ. ಅದರ ನಡುವೆ ಸುರುಳಿ ಇರಲಿಲ್ಲ. ಸುರುಳಿ ಇರಬೇಕಾದ ಕಡೆ ಬೆಳ್ಳಗೆ, ಗುಂಡಗೆ, ಗಟ್ಟಿಯಾದ ಒಂದು ಬಿಲ್ಲೆ, ಕೊಬ್ಬರಿಯ ಹೋಳಿನ ಹಾಗೆ.

ಅತ್ತೆ ಅದನ್ನು ಕಂಡರು. ಬೆರಳಿಟ್ಟು ಒತ್ತಿದರು. ಆಮೇಲೆ ಆ ಬೆರಳನ್ನೇ ನೋಡುತ್ತಾ ನಿಂತುಬಿಟ್ಟರು.

"ಅತ್ತೆ?"

"ಎರಡನೇದನ್ನ ಕುಯ್ಯುವಾಗ ನಡುವೆ ಗಟ್ಟಿ ಸಿಕ್ತು. ಚಾಕು ಮೊಂಡಾಯ್ತು ಅಂದುಕೊಂಡೆ," ಅಂದರು. ದನಿ ಅವರದ್ದಲ್ಲ ಅನ್ನಿಸಿತು. "ಈ ಚಳಿ ದೇಶದ ಬಾಳೆ, ಇದೆಲ್ಲಿ ಹೂ ಬಿಡುತ್ತೆ ಅಂತ… ನನಗೆ ಹೊಳೀಲೇ ಇಲ್ಲ ಕಣೇ."

"ಏನು ಹೊಳೀಲಿಲ್ಲ?"

"ಇದು ದಿಂಡು. ಬಾಳೆ ಎಲೆ ಬಿಡೋವರೆಗೂ ಅದರ ಒಳಗೆ ದಿಂಡಿರಲ್ಲ. ಎಲೆ ಬಿಡೋದು ಮುಗಿಸಿ ಹೂವಿಗೆ ಹೊರಟಾಗ ಮಾತ್ರ ಗೆಡ್ಡೆಯಿಂದ ದಿಂಡು ಏಳುತ್ತೆ, ಹೂವನ್ನ ತಲೆ ಮೇಲೆ ಹೊತ್ತುಕೊಂಡು. ಇದು ಹೊರಟಿತ್ತು." ನನ್ನ ಮುಖ ನೋಡಿದರು. "ಹೇಳು ಅವರಿಗೆ."

"ಅತ್ತೆ, ಇದನ್ನ ಹೇಳಬೇಕಾ?"

"ಹೇಳೇ."

ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಅನುವಾದ ನಾನು ಮಾಡಿಲ್ಲ. ಆಕೆ ಕೇಳಿಸಿಕೊಂಡು, ಮಗುಚಿ ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟರು. ಬೇಲಿಯ ಆಚೆ ನಮ್ಮ ಮನೆಯಲ್ಲಿ ಯಾರೋ ನೆಂಟರು ಕುಕ್ಕರ್ ಇಟ್ಟಿದ್ದರು, ಅದು ಕೂಗಿತು.

"ಅಂದರೆ ಈ ವರ್ಷವೇ?" ಅಂದರು.

"ಈ ತಿಂಗಳೇ," ಅಂದರು ಅತ್ತೆ, ನಾನು ಕನ್ನಡಕ್ಕೆ ತರುವ ಮೊದಲೇ ಅರ್ಥ ಮಾಡಿಕೊಂಡು.

ಆಕೆ ಅತ್ತರೆ ವಾಸಿಯಿತ್ತು. ಅಳಲಿಲ್ಲ. "ಅದು ಈಗ ಎಲ್ಲಿದೆ? ಹೂವು?" ಅಂತ ಕೇಳಿದರು.

ನಾನು ಬಾಯಿ ಬಿಡುವ ಮೊದಲೇ ಅತ್ತೆ ಹೊರಟಿದ್ದರು. ಮದುವೆ ಮುಗಿಯುವ ಮೊದಲು ಬಾಗಿಲ ಬಾಳೆಕಂಬ ಬಿಚ್ಚುವುದೆಂದರೆ ನಮ್ಮವರಲ್ಲಿ ಯಾರೂ ಒಪ್ಪದ ಮಾತು. ಅಂಥದ್ದನ್ನು ಅಪಶಕುನ ಅಂತ ಬೇರೆಯವರ ಕೈ ತಡೆಯುವವರೇ ಅತ್ತೆ. ಅವರೇ, ಬುಡದಲ್ಲಿ ದಿಂಡು ಕಾಣುತ್ತಿದ್ದ ಬಲಗಡೆಯ ಕಂಬದ ಗಂಟು ಬಿಚ್ಚಿದರು. ಆಸ್ಪತ್ರೆಯ ಕೆಲಸ ಮುಗಿಸಿ ಆಗಷ್ಟೇ ಬಂದ ನನ್ನ ಗಂಡ, "ಏನತ್ತೆ, ನಾಳೆಗಲ್ವಾ ಮದುವೆ, ಇವತ್ತೇ ಮುಗೀತಾ?" ಅಂತ ತಮಾಷೆ ಮಾಡಲು ಹೋದವರು ಅವರ ಮುಖ ನೋಡಿ ಸುಮ್ಮನೆ ಇನ್ನೊಂದು ತುದಿ ಹಿಡಿದುಕೊಂಡರು.

ಆ ಹಿತ್ತಲ ಹುಲ್ಲಿನ ಮೇಲೆ ಮಲಗಿಸಿ ಅತ್ತೆ ಪಟ್ಟೆ ಬಿಡಿಸತೊಡಗಿದರು. ಹೊರಗಿನವು ಒಣಗಿ ಕಂದು ಬಣ್ಣ, ಆಮೇಲೆ ಹಸಿರು, ಆಮೇಲೆ ತಿಳಿಹಸಿರು, ಆಮೇಲೆ ಬೆಳ್ಳಗೆ, ರೇಷ್ಮೆಯ ಹಾಗೆ ನುಣ್ಣಗೆ. ಪ್ರತಿ ಪಟ್ಟೆ ಕಿತ್ತಾಗಲೂ ಚಟ್ ಅಂತ ಸದ್ದು, ಕೈಯೆಲ್ಲ ನೀರು. ಹೊರಗಿನ ಒಣ ಪಟ್ಟೆಯೊಂದನ್ನು ಮುಟ್ಟಿ, "ಇದೇ ಹಳೇ ಎಲೆ. ಹೊಸದು ಒಳಗಿಂದ ಬರ್ತಾ ಬರ್ತಾ ಇದು ಹೊರಗೆ ಸರೀತಾ ಹೋಗುತ್ತೆ," ಅಂದರು. ನಾನು ಅದನ್ನು ಹೇಳಿದಾಗ ಪಕ್ಕದ ಮನೆಯಾಕೆ ಆ ಪಟ್ಟೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಅವರ ಗಂಡನ ಕೈ ಹುಲ್ಲು ಸುತ್ತಿದ್ದು ಅದಕ್ಕೇ ಇರಬೇಕು.

ಬರಬರುತ್ತಾ ಒಳಗೆ ದಿಂಡು ಕಂಡಿತು, ಮೊಣಕೈ ದಪ್ಪ, ಹಾಲಿನ ಬಣ್ಣ. ಅದರ ಜಾಡು ಹಿಡಿದು ಅತ್ತೆ ಮೇಲೆ ಮೇಲೆ ಹೋದರು. ಕಂಬದ ಅರ್ಧ ದಾಟಿದ ಮೇಲೆ ಕೈ ನಿಧಾನವಾಯಿತು. ಕೊನೆಯ ಪಟ್ಟೆಯನ್ನು ಉಗುರಿನಿಂದ ಸೀಳಿ ತೆರೆದರು.

ಬಾಳೆಯ ಮೋತೆ, ಆ ಹೂವಿನ ಮೊಗ್ಗು, ಅಲ್ಲಿತ್ತು. ಎಳೆ ಬದನೆಕಾಯಿಯಷ್ಟು. ಬೆಳಕನ್ನೇ ಕಾಣದ ಬಣ್ಣ, ಹಳದಿಯೂ ಅಲ್ಲ, ಬಿಳಿಯೂ ಅಲ್ಲ. ಅತ್ತೆ ಅದರ ಒಂದು ಪಕಳೆಯನ್ನು ಮೆಲ್ಲಗೆ ಎತ್ತಿದರು. ಅಡಿಯಲ್ಲಿ ಹಲ್ಲಿನ ಸಾಲಿನ ಹಾಗೆ ಪುಟಾಣಿ ಹೂಗಳು, ಪ್ರತಿ ಹೂವಿನ ಹಿಂದೆ ಗೀಟಿನಷ್ಟು ತೆಳ್ಳಗಿನ ಬಾಳೆಕಾಯಿ. ಇನ್ನೂ ಹೊರಗೆ ಬಂದೇ ಇಲ್ಲದ ಹೂವಿನೊಳಗೆ ಕಾಯಿ ಆಗಲೇ ಸಾಲಾಗಿ ಕೂತಿತ್ತು.

"ಎಲ್ಲಾ ಆಗಲೇ ಇದೆ," ಅಂದರು ಆಕೆ. ಅಷ್ಟನ್ನೇ ಮತ್ತೆ ಮತ್ತೆ ಅಂದರು. ಇಷ್ಟು ವರ್ಷ ಬಾಳೆಯೆಲೆಯಲ್ಲಿ ಉಂಡವಳು ನಾನು, ದಿಂಡಿನ ಪಲ್ಯ ತಿಂದವಳು. ಆ ದಿಂಡು ಏನು ಹೊತ್ತುಕೊಂಡು ಯಾವ ಕತ್ತಲಲ್ಲಿ ಎಲ್ಲಿಗೆ ಹೊರಟಿರುತ್ತದೆ ಅಂತ ಅವತ್ತಿನವರೆಗೆ ಯೋಚಿಸಿಯೇ ಇರಲಿಲ್ಲ.

ಅತ್ತೆ ಮೋತೆಯನ್ನು ಎರಡೂ ಕೈಯಲ್ಲಿ ಹಿಡಿದು ಆಕೆಗೆ ಕೊಟ್ಟರು. ಕೊಟ್ಟ ಕೈಯನ್ನು ಹಿಂದೆ ತೆಗೆಯದೆ, "ನನ್ನಿಂದ ತಪ್ಪಾಯ್ತಮ್ಮಾ," ಅಂದರು, ಕನ್ನಡದಲ್ಲಿ. ನಾನು ಅನುವಾದಿಸಲು ಬಾಯಿ ತೆರೆದೆ. ಆಕೆ ಬೇಡ ಅನ್ನುವ ಹಾಗೆ ತಲೆಯಾಡಿಸಿ, ಮೋತೆ ಹಿಡಿದು ಒಳಗೆ ಹೋದರು. ಅಡಿಗೆಮನೆಯ ಕಿಟಕಿಯಲ್ಲಿ ಅವರು ಒಂದು ಜಗ್ಗಿಗೆ ನೀರು ತುಂಬಿಸುವುದು ಕಂಡಿತು.

ಮಾರನೆಯ ದಿನ ನಮ್ಮ ಬಾಗಿಲಿಗೆ ಎಡಗಡೆ ಮಾತ್ರ ಬಾಳೆಕಂಬ ಇತ್ತು. ಪ್ಲಾಸ್ಟಿಕ್ಕಿನದನ್ನು ಇನ್ನೊಂದು ಕಡೆ ಕಟ್ಟೋಣವೇ ಅಂತ ಯಾರೋ ಕೇಳಿದರು, ಮಗಳು ಬೇಡ ಅಂದಳು. ಪಕ್ಕದ ಮನೆಯಾಕೆ ಮದುವೆಗೆ ಬರುವುದಿಲ್ಲ ಅಂತಲೇ ನಾವು ತಿಳಿದಿದ್ದೆವು. ಧಾರೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನೀಲಿ ಟೋಪಿ ಹಾಕಿಕೊಂಡು ಕೂತಿದ್ದರು. ಅತ್ತೆ ಮಂಟಪದ ಹತ್ತಿರದ ತಮ್ಮ ಜಾಗ ಬಿಟ್ಟು ಹೋಗಿ ಅವರ ಪಕ್ಕ ಕೂತರು.

ಅತ್ತೆ ಊರಿಗೆ ವಾಪಸಾದ ಮೇಲೆ, ಆ ವರ್ಷ ಆಕೆ ಬಾಳೆಗೆ ಹುಲ್ಲು ಸುತ್ತಲಿಲ್ಲ. ಏರಿ ಬಂದಿದ್ದ ಸುಳಿ ಹಿಮಕ್ಕೆ ಕಪ್ಪಾಯಿತು. ಮೇ ತಿಂಗಳಲ್ಲಿ ಬುಡದ ಸುತ್ತ ಮರಿ ಕಂದುಗಳು ಎದ್ದವು. ಅವುಗಳಲ್ಲಿ ಒಂದನ್ನು ಗೆಡ್ಡೆ ಸಮೇತ ಅಗೆದು, ಚೀಲಕ್ಕೆ ಹಾಕಿಕೊಂಡು, ಆಕೆ ರೈಲಿನಲ್ಲಿ ಮಗಳ ಊರಿಗೆ ಹೋಗಿ ಅಲ್ಲಿಯ ಹಿತ್ತಲಲ್ಲಿ ನೆಟ್ಟರು. ಅಲ್ಲಿ ಸಮುದ್ರ ಹತ್ತಿರ, ಹಿಮ ಕಡಿಮೆ. ಸ್ವಲ್ಪ ದಿನಕ್ಕೆ ಕಿಂಗ್ಸ್‌ಬರಿಯ ಮನೆ ಮಾರಿ ಆಕೆಯೂ ಅಲ್ಲಿಗೇ ಹೋದರು.

ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಕಳೆದಿದ್ದವು. ಒಂದು ಆಗಸ್ಟಿನ ಬೆಳಗ್ಗೆ ಆಕೆಯ ಮಗಳು ಫೋನ್ ಮಾಡಿ, ಅಮ್ಮ ನಿಮ್ಮನ್ನು ಬರಹೇಳಿದ್ದಾರೆ, ಇದೇ ವಾರ ಬನ್ನಿ, ಅಂದರು. ನಾನೂ ನನ್ನ ಗಂಡನೂ ಭಾನುವಾರ ಹೋದೆವು. ಮೋತೆ ಕಂಬದ ತಲೆಯಿಂದ ಹೊರಬಂದು ಕೆಳಕ್ಕೆ ಬಾಗಿತ್ತು, ಮೊದಲ ಪಕಳೆ ಬಿಚ್ಚಿಕೊಂಡಿತ್ತು. ಅದರ ಎದುರು ಕುರ್ಚಿ ಹಾಕಿಸಿಕೊಂಡು ಆಕೆ ಕೂತಿದ್ದರು. ನಾವೂ ಎರಡು ಕುರ್ಚಿ ಹಾಕಿಕೊಂಡೆವು.

ರಾತ್ರಿ ಮನೆಗೆ ಬಂದು ಮೈಸೂರಿಗೆ ಫೋನ್ ಮಾಡಿದೆ. ಆಕೆಯ ಬಾಳೆ ಹೂ ಬಿಟ್ಟಿದೆ ಅಂತ ಅತ್ತೆಗೆ ಹೇಳಿದೆ.

"ಹೂ ಬಿಡ್ತಾ ಕೊನೆಗೂ?" ಅಂದರು. "ಎಷ್ಟು ಚಿಪ್ಪು ಕಾಯಿ ಬಿಟ್ಟಿದೆ?"